ನಲವತ್ತೈದು ನಿಮಿಷ ತಡವಾದ ಟಪಾಲು

ನಾಲ್ಕು ಕುದುರೆ, ಒಂದು ಕಹಳೆ, ಬೀಗ ಹಾಕಿದ ಒಂದು ಗಡಿಯಾರ. ಇಂಗ್ಲೆಂಡಿನ ಅಂಚೆಯನ್ನು ಓಟಕ್ಕೆ ಹಚ್ಚಿದವನು ಒಬ್ಬ ನಾಟಕ ಕಂಪನಿಯ ಮಾಲೀಕ. ದಾರಿಯಲ್ಲಿ ಸಿಂಹಿಣಿ ಎರಗಿದರೂ ಅವನ ಸಾರೋಟು ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ!

ಮೊದಲು ನೋಡಿದವರು ಅದನ್ನು ಕರು ಅಂದುಕೊಂಡರು.

1816ರ ಅಕ್ಟೋಬರ್ 20, ಭಾನುವಾರ ರಾತ್ರಿ. ಎಕ್ಸೆಟರ್‌ನಿಂದ ಲಂಡನ್ನಿಗೆ ಹೊರಟಿದ್ದ ಅಂಚೆ ಸಾರೋಟು ಸಾಲ್ಸ್‌ಬರಿ ದಾಟಿ ಹತ್ತು ಹನ್ನೊಂದು ಕಿಲೋಮೀಟರ್ ಬಂದಿತ್ತು. ಕುದುರೆಗಳ ಪಕ್ಕದಲ್ಲೇ ಕತ್ತಲಲ್ಲಿ ಏನೋ ಓಡಿಬರುತ್ತಿದೆ. ಕುದುರೆಗಳು ಕಿವಿ ನಿಮಿರಿಸಿ ಒದ್ದಾಡತೊಡಗಿದವು. ವಿಂಟರ್‌ಸ್ಲೋ ಎಂಬಲ್ಲಿನ ಛತ್ರದ ಮುಂದೆ ಟಪಾಲು ಚೀಲ ಕೊಡಲೆಂದು ಗಾಡಿ ನಿಲ್ಲಿಸಿದ್ದೇ ತಡ, ಆ 'ಕರು' ಮುಂದಿನ ಸಾಲಿನ ಕುದುರೆಯ ಕೊರಳಿಗೆ ಹಾರಿತು.

ಅದು ಸಿಂಹಿಣಿ. ಸಾಲ್ಸ್‌ಬರಿ ಜಾತ್ರೆಗೆ ಹೊರಟಿದ್ದ ಬ್ಯಾಲಾರ್ಡ್ ಎಂಬುವನ ಪ್ರಾಣಿ ಪ್ರದರ್ಶನದಿಂದ ತಪ್ಪಿಸಿಕೊಂಡಿತ್ತು. ಪ್ರಯಾಣಿಕರು ಧುಮುಕಿ ಛತ್ರದೊಳಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡರು. ಗಾರ್ಡ್ ಜೋಸೆಫ್ ಪೈಕ್ ಬಂದೂಕು ಎತ್ತಿದ. ಅಷ್ಟರಲ್ಲಿ ಓಡಿಬಂದ ಪ್ರದರ್ಶನದವರು, 'ಗುಂಡು ಹಾರಿಸಬೇಡಿ, ಬಹಳ ಬೆಲೆಯ ಪ್ರಾಣಿ' ಎಂದು ಬೇಡಿಕೊಂಡು ತಮ್ಮ ದೊಡ್ಡ ನಾಯಿಯನ್ನು ಛೂ ಬಿಟ್ಟರು. ಸಿಂಹಿಣಿ ಕುದುರೆಯನ್ನು ಬಿಟ್ಟು ನಾಯಿಯನ್ನು ಕೊಂದಿತು. ಆಮೇಲೆ ಒಂದು ಕಣಜದ ಅಡಿಗೆ ತೂರಿ ಕೂತಿತು. ಪ್ರದರ್ಶನದವರು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕಟ್ಟಿ ಎಳೆದು ತಂದರು.

ಗಾಯಗೊಂಡ ಕುದುರೆಯ ಹೆಸರು ಪಾಮಗ್ರನೆಟ್, ಅಂದರೆ ದಾಳಿಂಬೆ. ಅದು ಬದುಕಿತು. ಬ್ಯಾಲಾರ್ಡ್ ಚಾಲಾಕಿ ಮನುಷ್ಯ. ಅದನ್ನೇ ಕೊಂಡು ಜಾತ್ರೆಯಲ್ಲಿ ಸಿಂಹಿಣಿಯ ಜೊತೆಗೇ ಕಾಸಿಗೆ ತೋರಿಸಿದ.

ಇಷ್ಟೆಲ್ಲ ನಡೆದು, ಬೇರೆ ಕುದುರೆ ಕಟ್ಟಿ, ಒಳಗೆ ಅಡಗಿದವರನ್ನು ಕರೆದು ಕೂರಿಸಿ ಲಂಡನ್ ಮೇಲ್ ಹೊರಟಾಗ ಆಗಿದ್ದ ತಡ ಎಷ್ಟು? ಮುಕ್ಕಾಲು ಗಂಟೆ.

ಈ ಕಥೆ ಓದಿದಾಗಲೆಲ್ಲ ನನ್ನ ಕಣ್ಣು ಸಿಂಹಿಣಿಯ ಮೇಲಲ್ಲ, ಆ ಮುಕ್ಕಾಲು ಗಂಟೆಯ ಮೇಲೆ ನಿಲ್ಲುತ್ತದೆ. ಅದನ್ನು ಲೆಕ್ಕ ಇಟ್ಟವರು ಯಾರು? ಯಾಕೆ ಇಟ್ಟರು? ಕುದುರೆ ಗಾಡಿಯ ಕಾಲದಲ್ಲಿ ಮುಕ್ಕಾಲು ಗಂಟೆ ಹೆಚ್ಚುಕಡಿಮೆಯಾದರೆ ಯಾರಿಗೇನು ನಷ್ಟವಿತ್ತು?

ನಾಟಕದವನ ತಲೆ

ಉತ್ತರಕ್ಕೆ ಬಾತ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಜಾನ್ ಪಾಮರ್ ಎಂಬುವನಿದ್ದ. 1742ರಲ್ಲಿ ಹುಟ್ಟಿದವನು. ಬಾತ್‌ನಲ್ಲೊಂದು, ಪಕ್ಕದ ಬ್ರಿಸ್ಟಲ್‌ನಲ್ಲೊಂದು, ಹೀಗೆ ಎರಡು ರಂಗಮಂದಿರಗಳನ್ನು ನಡೆಸುತ್ತಿದ್ದ. ಕಂಪನಿ ಒಂದೇ, ಊರು ಎರಡು. ಇಲ್ಲಿ ಪರದೆ ಬಿದ್ದರೆ ನಟರು, ಉಡುಪು, ಪರಿಕರ ಎಲ್ಲವನ್ನೂ ಗಾಡಿಗೆ ತುಂಬಿ ಅಲ್ಲಿಗೆ ಓಡಬೇಕು. ಗುಬ್ಬಿ ಕಂಪನಿಯ ಕಥೆ ಕೇಳಿದವರಿಗೆ ಈ ಗಡಿಬಿಡಿ ಹೊಸದಲ್ಲ. ಹಾಡುವವನು ತಡವಾಗಿ ಬಂದರೆ ಟಿಕೆಟ್ ಕೊಂಡವರು ಸುಮ್ಮನಿರುತ್ತಾರೆಯೇ?

ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವುದನ್ನು ಪಾಮರ್ ಕಲಿತದ್ದು ಹೀಗೆ. ಹಾಗಾಗಿಯೇ ಅಂಚೆಯ ಆಮೆ ನಡಿಗೆ ಅವನ ಕಣ್ಣಿಗೆ ಚುಚ್ಚಿತು.

ಆಗ ಇಂಗ್ಲೆಂಡಿನ ಟಪಾಲು ಕುದುರೆ ಸವಾರರ ಬೆನ್ನ ಮೇಲೆ ಹೋಗುತ್ತಿತ್ತು. 'ಪೋಸ್ಟ್ ಬಾಯ್' ಎಂದು ಕರೆಯುತ್ತಿದ್ದರೂ ಎಷ್ಟೋ ಮಂದಿ ಹುಡುಗರೇನಲ್ಲ, ತಲೆ ನರೆತವರು. ಬಡಕಲು ಕುದುರೆ, ಕೈಯಲ್ಲಿ ಆಯುಧವಿಲ್ಲ, ಕಾವಲಿಲ್ಲ. ದರೋಡೆಕೋರರಿಗೆ ಹಬ್ಬ. ಬ್ರಿಸ್ಟಲ್‌ನ ಪತ್ರ ಲಂಡನ್ ಸೇರಲು 38 ಗಂಟೆಯವರೆಗೂ ಹಿಡಿಯುತ್ತಿತ್ತು. ಸೋಮವಾರ ಬಾತ್ ಬಿಟ್ಟ ಕಾಗದ ಲಂಡನ್ನಿನಲ್ಲಿ ಕೈಗೆ ಸಿಗುತ್ತಿದ್ದದ್ದು ಬುಧವಾರ. ಅದೇ ಸೋಮವಾರ ಖಾಸಗಿ ಸಾರೋಟು ಹತ್ತಿದ ಮನುಷ್ಯ ಮಂಗಳವಾರವೇ ಅಲ್ಲಿರುತ್ತಿದ್ದ. ಅವಸರವಿದ್ದವರು ಪತ್ರವನ್ನು ಪೊಟ್ಟಣದಂತೆ ಸುತ್ತಿ, ಅಂಚೆಗಿಂತ ಹಲವು ಪಟ್ಟು ಹಣ ತೆತ್ತು ಅದೇ ಖಾಸಗಿ ಗಾಡಿಗೆ ಹಾಕುತ್ತಿದ್ದರು. ನಾವು ಈಗ ಕೊರಿಯರ್‌ಗೆ ಕೊಡುವ ಹಾಗೆ.

ಪಾಮರನ ಪ್ರಶ್ನೆ ಸರಳ: ಮನುಷ್ಯನಿಗೆ ಸಾಧ್ಯವಾದ ವೇಗ ಅವನ ಕಾಗದಕ್ಕೆ ಯಾಕಿಲ್ಲ?

1782ರಲ್ಲಿ ಅವನು ಯೋಜನೆ ಬರೆದು ಕೊಟ್ಟ. ಅಂಚೆ ಇಲಾಖೆಯ ಹಿರಿಯರು ಮೂಗು ಮುರಿದರು. ಇದು ಆಗದ ಮಾತು, ಕೈಗೂಡದ ಕೆಲಸ, ನಾಟಕದವನಿಗೆ ಟಪಾಲಿನ ಉಸಾಬರಿ ಯಾಕೆ, ಈ ಧಾಟಿಯ ಆಕ್ಷೇಪಗಳೇ ಪುಟಗಟ್ಟಲೆ ಬಂದವು. ಸರ್ಕಾರಿ ಕಡತಕ್ಕೆ ದೇಶಭೇದವಿಲ್ಲ. ಆದರೆ ಪ್ರಧಾನಿಯಾಗಿದ್ದವನು 25ರ ಹರೆಯದ ವಿಲಿಯಂ ಪಿಟ್. ಖಜಾನೆ ಬರಿದಾಗಿತ್ತು, ಆದಾಯದ ದಾರಿ ಬೇಕಿತ್ತು. ಒಂದು ಸಲ ಓಡಿಸಿ ನೋಡಿ ಎಂದ.

ಆಗಸ್ಟ್ 2, ಸಂಜೆ ನಾಲ್ಕು

1784ರ ಆಗಸ್ಟ್ 2ರಂದು ಸಂಜೆ 4ಕ್ಕೆ ಬ್ರಿಸ್ಟಲ್‌ನ ರಮ್ಮರ್ ಛತ್ರದಿಂದ ಮೊದಲ ಅಂಚೆ ಸಾರೋಟು ಹೊರಟಿತು. 5 ಗಂಟೆ 20 ನಿಮಿಷಕ್ಕೆ ಬಾತ್. ರಾತ್ರಿಯಿಡೀ ಓಟ. ಸುಮಾರು 190 ಕಿಲೋಮೀಟರ್ ದಾಟಿ ಮರುದಿನ ಬೆಳಗ್ಗೆ 8ರ ಹೊತ್ತಿಗೆ ಲಂಡನ್ನಿನ ಛತ್ರದ ಅಂಗಳದಲ್ಲಿ ಗಾಲಿ ನಿಂತವು. 38 ಗಂಟೆಯ ದಾರಿ 16 ಗಂಟೆಗೆ ಇಳಿದಿತ್ತು.

ಆ ಛತ್ರದ ಹೆಸರು ಕನ್ನಡಿಗರ ಕಿವಿ ನಿಮಿರಿಸುವಂಥದ್ದು: 'ಎರಡು ಕೊರಳಿನ ಹಂಸ'. ಹಳಗನ್ನಡದಲ್ಲಿ ಹಂಸ ಎಂಬುದರ ತದ್ಭವವೇ ಅಂಚೆ! ಎರಡು ಕೊರಳು ಎಂದ ಕೂಡಲೇ ಮೈಸೂರಿನ ಗಂಡಭೇರುಂಡವೂ ನೆನಪಾಗುತ್ತದೆ. ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲ, ನಿಜ. ಆದರೂ ಇಂಗ್ಲೆಂಡಿನ ಮೊದಲ ಅಂಚೆ ಸಾರೋಟು ಬಂದು ನಿಂತದ್ದು ಒಂದು 'ಅಂಚೆ'ಯ ಬಾಗಿಲಲ್ಲೇ ಎಂದು ಹೇಳಿಕೊಳ್ಳುವ ಖುಷಿಯನ್ನು ಯಾಕೆ ಬಿಡಬೇಕು?

ಮುಂದಿನದು ಬೇಗ ಬೇಗ ಆಯಿತು. ಮರುವರ್ಷವೇ ಬೇರೆ ಬೇರೆ ದಿಕ್ಕಿನ ಊರುಗಳಿಗೆ ಸಾರೋಟು ಹೊರಟವು. 1786ರಲ್ಲಿ ಎಡಿನ್‌ಬರೋಗೆ, 60 ಗಂಟೆಯ ದಾರಿ. ಪತ್ರದ ದರವೂ ಏರಿತು. ಜನ ಗೊಣಗಿದರು, ಆದರೆ ಕೊಟ್ಟರು.

[ಚೌಕಟ್ಟು: ಗಾರ್ಡಿನ ಕಾಲಡಿ]

*ಸಾರೋಟಿನ ಹಿಂತುದಿಯಲ್ಲಿ ಒಂದೇ ಒಂದು ಆಸನ. ಅದರಲ್ಲಿ ಗಾರ್ಡ್. ಕೆಂಪು ನಿಲುವಂಗಿ, ನೀಲಿ ಮಡಿಕೆ, ಜರಿಯ ಅಂಚು. ಕೈಗೆಟಕುವಂತೆ ಅಗಲ ಬಾಯಿಯ ಬಂದೂಕು, ಎರಡು ಪಿಸ್ತೂಲು. ಕಾಲ ಕೆಳಗೆ ಬೀಗ ಹಾಕಿದ ಟಪಾಲು ಪೆಟ್ಟಿಗೆ. ಪ್ರಯಾಣಿಕರು ಒಳಗೆ ನಾಲ್ವರು, ಚಾವಣಿಯ ಮುಂಭಾಗದಲ್ಲಿ ಒಂದಿಬ್ಬರು. ಗಾರ್ಡಿನ ಪಕ್ಕ ಕೂರಲು ಯಾರಿಗೂ ಅನುಮತಿ ಇಲ್ಲ. ಸಂಬಳ ವಾರಕ್ಕೆ ಹತ್ತೂವರೆ ಶಿಲ್ಲಿಂಗ್. ಸಂಸಾರ ನಡೆಯುತ್ತಿದ್ದದ್ದು ಪ್ರಯಾಣಿಕರು ಕೊಡುವ ಭಕ್ಷೀಸಿನಿಂದ.*

ಎಲ್ಲವೂ ಹೊರಗುತ್ತಿಗೆ

ಹೊರಗಿನಿಂದ ನೋಡಿದರೆ ಪಕ್ಕಾ ರಾಜವೈಭವ. ಕಡುಗೆಂಪು ಬಾಗಿಲಿನ ಮೇಲೆ ರಾಜಲಾಂಛನ, ಮೇಲ್ಭಾಗ ಕಪ್ಪು, ಗಾಲಿಗಳು ರಕ್ತಗೆಂಪು. ಆದರೆ ಒಳಲೆಕ್ಕ ಕೇಳಿದರೆ ನಗು ಬರುತ್ತದೆ. ಗಾಡಿ ಅಂಚೆ ಇಲಾಖೆಯದಲ್ಲ; ಲಂಡನ್ನಿನ ಮಿಲ್‌ಬ್ಯಾಂಕಿನಲ್ಲಿದ್ದ ವಿಡ್ಲರ್ ಎಂಬ ತಯಾರಕನದು, ಓಡಿದ ಮೈಲಿಗಿಷ್ಟು ಎಂದು ಬಾಡಿಗೆ. ಕುದುರೆಗಳು ದಾರಿಯುದ್ದದ ಛತ್ರದವರವು. ಸಾರಥಿ ಆ ಗುತ್ತಿಗೆದಾರರ ಆಳು. ಗಾಡಿಯಲ್ಲಿದ್ದ ಸರ್ಕಾರಿ ನೌಕರ ಒಬ್ಬನೇ, ಹಿಂದೆ ಕೂತ ಗಾರ್ಡ್.

ಹೊರಗುತ್ತಿಗೆ ಎಂಬ ಮಾತು ನಮ್ಮ ಕಚೇರಿಗಳಿಗೆ ಬರುವ ಇನ್ನೂರು ವರ್ಷ ಮೊದಲೇ ಪಾಮರ್ ಅದನ್ನು ಪಳಗಿಸಿದ್ದ.

ಇಷ್ಟು ಜನರ ಇಷ್ಟು ತುಂಡು ಕೆಲಸಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಯಾವುದು? ಗಾರ್ಡಿನ ಬಳಿ ಇನ್ನೂ ಒಂದು ವಸ್ತು ಇತ್ತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಒಂದು ಗಡಿಯಾರ. ಮುಖ ಕಾಣುತ್ತದೆ, ಮುಳ್ಳು ತಿರುಗಿಸಲು ಆಗದು. ಬೀಗದ ಕೈ ಗಾರ್ಡಿನ ಹತ್ತಿರ ಇರುತ್ತಿರಲಿಲ್ಲ. ಜೊತೆಗೊಂದು ಮುದ್ರಿತ ಹಾಳೆ: ಇಂಥ ಊರಿಗೆ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ತಲುಪಬೇಕು. ಪ್ರತಿ ಊರಲ್ಲೂ ಹೊತ್ತು ಬರೆಯಬೇಕು, ತಡವಾದರೆ ಕಾರಣ ಬರೆಯಬೇಕು. 'ಸಿಂಹಿಣಿ' ಎಂದು ಬರೆದ ಹಾಳೆ ಯಾವುದಾದರೂ ಗುಮಾಸ್ತೆಯ ಮೇಜಿಗೆ ಹೋಗಿದ್ದರೆ, ಆ ಮುಖ ನೋಡಬೇಕಿತ್ತು!

ಇದರಲ್ಲೊಂದು ಚಮತ್ಕಾರವಿದೆ. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಂದೇ ಗಂಟೆ ಎಂಬುದಿರಲಿಲ್ಲ. ಊರೂರಿಗೆ ಅದರದೇ ಸೂರ್ಯ, ಅದರದೇ ಮಧ್ಯಾಹ್ನ. ಬ್ರಿಸ್ಟಲ್ ಲಂಡನ್ನಿಗಿಂತ 10 ನಿಮಿಷ ಹಿಂದೆ. ಅದಕ್ಕೇ ಪಶ್ಚಿಮಕ್ಕೆ ಹೋಗುವ ಗಾಡಿಯ ಗಡಿಯಾರ ಒಂದಿಷ್ಟು ನಿಧಾನವಾಗಿ, ಪೂರ್ವಕ್ಕೆ ಬರುವುದು ಒಂದಿಷ್ಟು ಚುರುಕಾಗಿ ನಡೆಯುವಂತೆ ಗಡಿಯಾರದವರು ತಿದ್ದಿ ಕೊಡುತ್ತಿದ್ದರು. ದಾರಿಯುದ್ದಕ್ಕೂ ಅದು ಊರುಗಳ ಹೊತ್ತಿನ ಜೊತೆ ಹೆಜ್ಜೆ ಹಾಕುತ್ತಾ ಸಾಗುತ್ತಿತ್ತು. ಮುಂದೆ ರೈಲು ಬಂದು ಈ ಊರೂರ ಹೊತ್ತುಗಳನ್ನೆಲ್ಲ ಅಳಿಸಿ ಹಾಕಿತು. ಬ್ರಿಸ್ಟಲ್‌ನ ಹಳೇ ಪೇಟೆ ಕಟ್ಟಡದ ಗಡಿಯಾರಕ್ಕೆ ಈಗಲೂ ಎರಡು ನಿಮಿಷದ ಮುಳ್ಳುಗಳಿವೆ, ಒಂದು ಲಂಡನ್ನಿನದು, ಇನ್ನೊಂದು ಊರಿನದು.

ಹಳ್ಳಿಯವರು ಸಾರೋಟು ಹೋಗುವುದನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಹತ್ತು ಗಂಟೆಯ ಬಸ್ಸು ಹೋಯಿತೆಂದರೆ ಸೊಪ್ಪು ಸೋಸಲು ಕೂರುತ್ತಿದ್ದರು. ಆ ಬಸ್ಸು ಎಂದೂ ಹತ್ತಕ್ಕೆ ಬಂದದ್ದಿಲ್ಲ ಎನ್ನುವುದು ಬೇರೆ ಮಾತು.

ಕಹಳೆ ಕೇಳಿತೆಂದರೆ

ಕುದುರೆಯ ದಮ್ಮಿಗೆ ಮಿತಿ ಇದೆ. ನಾಗಾಲೋಟದಲ್ಲಿ ಹತ್ತು ಮೈಲಿ, ಅಂದರೆ ಹದಿನಾರು ಕಿಲೋಮೀಟರ್ ಆಗುವಷ್ಟರಲ್ಲಿ ಬಾಯಲ್ಲಿ ನೊರೆ. ಹಾಗಾಗಿ ಸುಮಾರು ಅಷ್ಟು ದೂರಕ್ಕೊಂದು ಮಜಲು, ಅಲ್ಲಿ ಲಾಯ, ಅಲ್ಲಿ ಸಿದ್ಧವಾಗಿ ನಿಂತ ನಾಲ್ಕು ಕುದುರೆ. ದೂರದಲ್ಲಿ ಗಾರ್ಡಿನ ಕಹಳೆ ಕೇಳುತ್ತಲೇ ಲಾಯದ ಆಳುಗಳು ಹೊಸ ಕುದುರೆಗಳನ್ನು ಅಂಗಳಕ್ಕೆ ತರುತ್ತಾರೆ. ಗಾಡಿ ನಿಂತಿತೋ ಇಲ್ಲವೋ, ಇಬ್ಬರು ಹಳೇ ಕುದುರೆಗಳ ಪಟ್ಟಿ ಬಿಚ್ಚುತ್ತಾರೆ, ಇಬ್ಬರು ಹೊಸವನ್ನು ನೊಗದ ಮರಕ್ಕೆ ಸೇರಿಸುತ್ತಾರೆ, ಸಾರಥಿ ಲಗಾಮು ಎತ್ತಿಕೊಳ್ಳುತ್ತಾನೆ. ಕೊನೆಕೊನೆಗೆ ಪಳಗಿದ ಕೈಗಳು ಇದನ್ನು ಒಂದು ನಿಮಿಷದೊಳಗೇ ಮುಗಿಸುತ್ತಿದ್ದವು. ಒಳಗಿನ ಪ್ರಯಾಣಿಕ ಕಣ್ಣು ಬಿಟ್ಟು ಯಾವೂರು ಎಂದು ಕೇಳುವಷ್ಟರಲ್ಲಿ ಊರು ಹಿಂದಾಗಿರುತ್ತಿತ್ತು. ರಂಗದ ದೃಶ್ಯ ಬದಲಾಯಿಸುವ ಕೈಗಳನ್ನು ಇಲ್ಲಿ ಗುರುತಿಸದಿರುವುದು ಹೇಗೆ?

ಸಣ್ಣ ಊರುಗಳಲ್ಲಿ ಅಷ್ಟೂ ಹೊತ್ತು ನಿಲ್ಲುವಂತಿರಲಿಲ್ಲ. ಓಡುವ ಗಾಡಿಯಿಂದಲೇ ಗಾರ್ಡ್ ಆ ಊರಿನ ಚೀಲ ಎಸೆಯುತ್ತಿದ್ದ. ಅಂಚೆಯವನು ತನ್ನ ಚೀಲವನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದ. ನಡುರಾತ್ರಿ ಹಾಸಿಗೆಯಿಂದೆದ್ದ ಕೋಪ ಒಂದು ಕಡೆ, ಕೈ ಜಾರಿದರೆ ನಾಳೆ ಬರುವ ಮೆಮೊ ಇನ್ನೊಂದು ಕಡೆ.

ಕಹಳೆ ಸುಂಕದ ಕಟ್ಟೆಯವನಿಗೂ ಕೇಳಬೇಕಿತ್ತು. ಅಂಚೆ ಸಾರೋಟಿಗೆ ಸುಂಕವಿಲ್ಲ. ಅಷ್ಟೇ ಅಲ್ಲ, ಅದು ಬರುವ ಮೊದಲೇ ಗೇಟು ತೆರೆದಿರಬೇಕು, ಇಲ್ಲವಾದರೆ 40 ಶಿಲ್ಲಿಂಗ್ ದಂಡ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಓದದೆ ಸಾಲಿನಲ್ಲಿ ಬೆವರುವವರು ಒಂದು ನಿಮಿಷ ಹೊಟ್ಟೆಕಿಚ್ಚು ಪಡಬಹುದು.

ಜರ್ಮನಿಯ ಅಂಚೆಯ ಹಳದಿ ಗುರುತಿನಲ್ಲಿ ಇವತ್ತಿಗೂ ಇರುವುದು ಸುರುಳಿ ಸುತ್ತಿದ ಕಹಳೆಯೇ.

[ಚೌಕಟ್ಟು: ಹರಿದ ನೋಟಿನ ಉಪಾಯ]

*ಸವಾರರ ಕಾಲದಲ್ಲಿ ದರೋಡೆಯ ಭಯ ಎಷ್ಟಿತ್ತೆಂದರೆ, ಬ್ಯಾಂಕ್ ನೋಟನ್ನು ಎರಡು ತುಂಡು ಮಾಡಿ ಕಳಿಸಿ ಎಂದು ಅಂಚೆ ಇಲಾಖೆಯೇ ಸಲಹೆ ಕೊಟ್ಟಿತ್ತು. ಒಂದು ಅರ್ಧ ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದು ಅರ್ಧ. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲೂ ವ್ಯಾಪಾರಿಗಳು ಇದೇ ಉಪಾಯ ಮಾಡುತ್ತಿದ್ದರು. ನಡುವೆ ಅಂಟಿಸಿದ ಗುರುತಿರುವ ಆ ಕಾಲದ ನೋಟುಗಳು ಸಂಗ್ರಾಹಕರ ಬಳಿ ಈಗಲೂ ಇವೆ.*

ಕುದುರೆಯ ಪಾಲು

ಈ ವೈಭವದ ಬಿಲ್ಲು ಕಟ್ಟಿದ್ದು ಯಾರು? ಕುದುರೆಗಳು. ದಾರಿಯ ಒಂದೊಂದು ಮೈಲಿಗೆ ಒಂದೊಂದು ಕುದುರೆ ಬೇಕು ಎಂಬುದು ಗುತ್ತಿಗೆದಾರರ ಲೆಕ್ಕಾಚಾರ. 'ಎರಡು ಕೊರಳಿನ ಹಂಸ'ದ ಒಡೆಯನಾದ ವಿಲಿಯಂ ಚಾಪ್ಲಿನ್ ಬಳಿ 1830ರ ದಶಕದ ಕೊನೆಗೆ ಸುಮಾರು 1,800 ಕುದುರೆಗಳಿದ್ದವು. ಲಂಡನ್ನಿನಲ್ಲಿ ಜಾಗ ಸಾಲದೆ ಅವನು ಛತ್ರದ ಅಡಿಯಲ್ಲಿ ನೆಲಮಾಳಿಗೆ ಕೊರೆಸಿ ಲಾಯ ಮಾಡಿದ್ದ.

ವೇಗದ ಗಾಡಿಗೆ ಕಟ್ಟಿದ ಕುದುರೆ ಹೆಚ್ಚೆಂದರೆ ಮೂರು ನಾಲ್ಕು ವರ್ಷ ಬಾಳುತ್ತಿತ್ತು. ಆಮೇಲೆ ಹೊಲಕ್ಕೋ, ಇನ್ನೂ ಕೆಟ್ಟ ಕಡೆಗೋ. ರಾತ್ರಿಯ ಮಜಲುಗಳಿಗೆ ಕುರುಡು ಕುದುರೆಗಳನ್ನೂ ಕಟ್ಟುತ್ತಿದ್ದರು. ಕತ್ತಲಲ್ಲಿ ಕಣ್ಣಿದ್ದೇನು, ಇಲ್ಲದಿದ್ದರೇನು? ಪ್ರಯಾಣಿಕರಿಗೆ ಕಾಣಿಸುವುದಿಲ್ಲ ಎಂಬುದೂ ಒಂದು ಅನುಕೂಲ. ಚಿತ್ರಗಳಲ್ಲಿ ಮಾತ್ರ ಎಲ್ಲ ಕುದುರೆಗಳೂ ಮಿರಮಿರ ಮಿನುಗುತ್ತವೆ.

ರಸ್ತೆ ಸುಧಾರಿಸಿದಾಗ ಅವುಗಳ ಕಷ್ಟ ಕೊಂಚ ಇಳಿಯಿತು. ಒಡೆದ ಜಲ್ಲಿಯನ್ನು ಪದರ ಪದರವಾಗಿ ಹಾಸುವ ಮೆಕಾಡಮ್ ವಿಧಾನದಿಂದ ಗಾಲಿ ಹೂಳುವುದು ತಪ್ಪಿತು. ಗಂಟೆಗೆ ಸರಾಸರಿ 16 ಕಿಲೋಮೀಟರ್ ಸಾಧ್ಯವಾಯಿತು. ಆದರೆ ವೇಗ ಕೈಗೆ ಸಿಕ್ಕಿದ್ದೇ ತಡ, ವೇಳಾಪಟ್ಟಿಯ ನಿಮಿಷಗಳನ್ನೂ ಕತ್ತರಿಸಿದರು.

ಪಾಮರನ ಕಥೆ ಚೆನ್ನಾಗಿ ಮುಗಿಯಲಿಲ್ಲ. 1786ರಲ್ಲಿ ಅವನಿಗೆ ಅಂಚೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು, ಹೆಚ್ಚುವರಿ ಆದಾಯದಲ್ಲಿ ನೂರಕ್ಕೆ ಎರಡೂವರೆ ಪಾಲು ಎಂಬ ಮಾತೂ ಆಯಿತು. ಮೇಲಿನವರ ಜೊತೆ ಜಗಳ ಶುರುವಾಯಿತು. ಅವನೇ ಕರೆತಂದು ಉಪಾಧಿಕಾರಿ ಮಾಡಿದ್ದ ಗೆಳೆಯ ಚಾರ್ಲ್ಸ್ ಬಾನರ್, ಹಿಂದೆ ವೇದಿಕೆಯ ಮೇಲೆ ಹಾಸ್ಯಪಾತ್ರ ಮಾಡುತ್ತಿದ್ದವನು, ಪಾಮರನ ಖಾಸಗಿ ಪತ್ರಗಳನ್ನೇ ಮೇಲಧಿಕಾರಿಗಳ ಕೈಗಿತ್ತ. ಪತ್ರಗಳನ್ನು ಸುರಕ್ಷಿತವಾಗಿ ತಲುಪಿಸಲು ಹೊರಟವನು ಮುಳುಗಿದ್ದು ಪತ್ರಗಳಿಂದಲೇ. 1792ರಲ್ಲಿ ಕೆಲಸ ಹೋಯಿತು. ವರ್ಷಕ್ಕೆ 3,000 ಪೌಂಡ್ ಪಿಂಚಣಿ ಬಂದರೂ ಸುಮ್ಮನಾಗದೆ ತನ್ನ ಪಾಲಿಗಾಗಿ ಹೋರಾಡುತ್ತಲೇ ಹೋದ. 1813ರಲ್ಲಿ ಪಾರ್ಲಿಮೆಂಟು 50,000 ಪೌಂಡ್ ಕೊಟ್ಟಿತು. ಐದು ವರ್ಷ ಕಳೆದು ತೀರಿಕೊಂಡ.

[ಚೌಕಟ್ಟು: ನಮ್ಮಲ್ಲಿ ಕಾಲೇ ಮುಂದು]

*ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಎರಡು ಬಗೆಯ ಅಂಚೆ ಕಂಡ. ಒಂದು ಕುದುರೆಯದು, ಇನ್ನೊಂದು ಗೆಜ್ಜೆ ಕೋಲು ಹಿಡಿದು ಓಡುವ ಕಾಲಾಳಿನದು. ಕಾಲಾಳಿನದೇ ವೇಗ ಹೆಚ್ಚು ಎಂದು ಬರೆದ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆಯೂ ಓಟಗಾರರ ಬಲದ ಮೇಲೆ ನಿಂತು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು. ಕುದುರೆ ಕಟ್ಟಿದ ಟಪಾಲು ಗಾಡಿಗಳು ನಮ್ಮಲ್ಲಿ ಓಡಿದ್ದು ಒಳ್ಳೆಯ ರಸ್ತೆ ಇದ್ದ ಕಡೆ ಮಾತ್ರ. ಕಾಲ್ಕಾದಿಂದ ಶಿಮ್ಲಾಕ್ಕೆ 1903ರಲ್ಲಿ ರೈಲು ಹತ್ತುವವರೆಗೂ ಟಪಾಲು ಏರಿದ್ದು ಟಾಂಗಾದಲ್ಲಿ.*

ಎಂಟರ ಗಂಟೆ

ಲಂಡನ್ನಿನಲ್ಲಿ 1829ರಲ್ಲಿ ಹೊಸ ಪ್ರಧಾನ ಅಂಚೆ ಕಚೇರಿ ತೆರೆಯಿತು. ಅದರ ಮುಂದೆ ದಿನಾ ರಾತ್ರಿ ಎಂಟಕ್ಕೆ ಜನ ಸೇರುತ್ತಿದ್ದರು. ದೀಪ ಹೊತ್ತಿಸಿದ ಸಾರೋಟುಗಳ ಸಾಲು, ಚೀಲ ಎಸೆಯುವ ಸದ್ದು, ಗಂಟೆ ಬಡಿಯುತ್ತಲೇ ಒಂದರ ಹಿಂದೊಂದು ಹೊರಟು ದಿಕ್ಕು ದಿಕ್ಕಿಗೆ ಚದುರುತ್ತಿದ್ದವು. ರಾಜನ ಹುಟ್ಟುಹಬ್ಬಕ್ಕೆ ಹೊಸ ಬಣ್ಣ ಬಳಿದ ಗಾಡಿಗಳ ಮೆರವಣಿಗೆಯೂ ಇತ್ತು, ನಮ್ಮ ದಸರೆಯ ಹಾಗೆ. ವಾಟರ್‌ಲೂ ಯುದ್ಧ ಗೆದ್ದ ಸುದ್ದಿ ಹಳ್ಳಿ ಮುಟ್ಟಿದ್ದು ಇವೇ ಗಾಡಿಗಳಲ್ಲಿ. ಚಾವಣಿಗೆ ಸಿಕ್ಕಿಸಿದ ಹಸಿರು ಎಲೆ ಕಂಡರೆ ಸಾಕು, ಪತ್ರಿಕೆ ಬಿಡಿಸುವ ಮೊದಲೇ ಜನ ಕೂಗು ಹಾಕುತ್ತಿದ್ದರು.

ಅಷ್ಟರಲ್ಲಿ ಉಗಿಬಂಡಿ ಬಂದಾಗಿತ್ತು. 1830ರ ನವೆಂಬರ್ 11ರಂದು ಲಿವರ್‌ಪೂಲ್‌–ಮ್ಯಾಂಚೆಸ್ಟರ್ ನಡುವೆ ಟಪಾಲು ಮೊದಲ ಬಾರಿಗೆ ರೈಲು ಹತ್ತಿತು. ಚಾಪ್ಲಿನ್ ಗಾಳಿ ಬಂದ ಕಡೆ ತೂರಿಕೊಂಡ. ಕುದುರೆಗಳನ್ನು ಮಾರಿ ರೈಲು ಕಂಪನಿ ಸೇರಿದ. ಎಷ್ಟೋ ಗಾರ್ಡುಗಳೂ ರೈಲು ಹತ್ತಿದರು. ಲಂಡನ್ನಿನಿಂದ ಕೊನೆಯ ಅಂಚೆ ಸಾರೋಟು ಹೊರಟದ್ದು 1846ರ ಜನವರಿಯಲ್ಲಿ. ಸ್ಕಾಟ್ಲೆಂಡಿನ ಬಡಗಣ ತುದಿಯ ಥರ್ಸೊಗೆ ಮಾತ್ರ 1874ರವರೆಗೂ ಕುದುರೆಗಳೇ ದಿಕ್ಕು.

ಆ ಸ್ಕಾಟ್ಲೆಂಡಿನ ಇನ್ನೊಂದು ರಸ್ತೆಯ ಮಾತು ಉಳಿದಿದೆ.

1831ರ ಫೆಬ್ರುವರಿ 1. ಲಿವರ್‌ಪೂಲ್‌ನ ರೈಲು ಟಪಾಲಿಗೆ ಮೂರು ತಿಂಗಳು ತುಂಬಿರಲಿಲ್ಲ. ಡಂಫ್ರೀಸ್‌ನಿಂದ ಎಡಿನ್‌ಬರೋಗೆ ಹೊರಟ ಅಂಚೆ ಸಾರೋಟು ಮಾಫಟ್ ಊರು ಮುಟ್ಟಿದಾಗ ಬಿರುಹಿಮ. ಮುಂದೆ ಹೋಗುವುದು ಬೇಡ ಎಂದರು ಊರವರು. ಗಾರ್ಡ್ ಜೇಮ್ಸ್ ಮೆಕ್‌ಜಾರ್ಜ್ ಒಪ್ಪಲಿಲ್ಲ. ಹಿಂದೊಮ್ಮೆ ಹವೆಗೆ ಹೆದರಿ ನಿಂತದ್ದಕ್ಕೆ ಮೇಲಿನಿಂದ ಬೈಸಿಕೊಂಡಿದ್ದನಂತೆ. ಹೆಚ್ಚುವರಿ ಕುದುರೆ ಕಟ್ಟಿಸಿ ಹೊರಟರು. ಊರು ದಾಟಿ ಸ್ವಲ್ಪ ದೂರದಲ್ಲೇ ಗಾಡಿ ಹೂತುಹೋಯಿತು. ಪ್ರಯಾಣಿಕರನ್ನು ಹಿಂದಕ್ಕೆ ಕಳಿಸಿ, ಕುದುರೆಗಳ ಮೇಲೆ ಚೀಲ ಹೇರಿಕೊಂಡು ಮೆಕ್‌ಜಾರ್ಜ್ ಮತ್ತು ಸಾರಥಿ ಜಾನ್ ಗುಡ್‌ಫೆಲೊ ಬೆಟ್ಟ ಹತ್ತಿದರು. ಕುದುರೆಗಳೂ ಸೋತಾಗ ಅವನ್ನು ಹಿಂದಕ್ಕೆ ಬಿಟ್ಟು, ಚೀಲಗಳನ್ನು ತಾವೇ ಹೊತ್ತು ನಡೆದರು.

ಇಬ್ಬರ ಹೆಣ ಸಿಕ್ಕಿದ್ದು ಕೆಲ ದಿನಗಳ ಮೇಲೆ, ಹಿಮದ ಅಡಿಯಲ್ಲಿ. ಚೀಲಗಳು ಅದಕ್ಕೂ ಮೊದಲೇ ಸಿಕ್ಕಿದ್ದವು. ಹಿಮದಲ್ಲಿ ದಾರಿ ತಿಳಿಯಲೆಂದು ರಸ್ತೆಯಂಚಿಗೆ ನೆಟ್ಟಿದ್ದ ಒಂದು ಕಂಬಕ್ಕೆ, ಹುಡುಕಿಕೊಂಡು ಬಂದವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಅವನ್ನು ಕಟ್ಟಿ ಹೋಗಿದ್ದರು.